ಕೋವಿಯ ಹಿಡಿ ಆರ ಕೈಯ ಅಳತೆಗೆ?



ಹಪ್ಪಳ, ಉಪ್ಪಿನಕಾಯಿ, ಸಾಂತಾಣಿ ಹೇಳಿ ಮಾತಾಡಿಗೊಂಡಿದ್ದ ಜಾಗೆಲಿ ಇಂದು ಕೋವಿಯ ಶುದ್ದಿ ಎಂತಕೆ ಬಂತಪ್ಪಾ ಹೇಳಿ ಗ್ರೇಶೆಡಿ. ಇದುದೇ ಮನೆಯ ಸಾಮಾನಿನ ಶುದ್ದಿಯೇ. ನಮ್ಮ ತೋಟದ ಮನೆಗಳಲ್ಲಿ ಹಗಲಿಡೀ ಇಪ್ಪದು ಆರು ಹೇಳಿ ಒಂದರಿ ಆಲೋಚನೆ ಮಾಡಿ. ಮಕ್ಕೊ ಬೆಂಗ್ಳೂರಿಲಿ, ಇಲ್ಲದ್ರೆ ಅಮೇರಿಕಲ್ಲಿ. ಗೆಂಡುಮಕ್ಕೊ ಸೊಸೈಟಿಗೆ, ಪೇಟಗೆ, ಜೆಂಬ್ರಕ್ಕೆ ಹೆರಟು ಹೋದವು ಹೇಳಿ ಆದರೆ ಮಂಗನ ಹಿಂಡು ಬಪ್ಪದು ನಮ್ಮ ಎದುರಂಗೆ. ಬೊಂಡ ಉದುರ್ಸುದರ, ಬಾಳೆಗೊನೆ ಹಾಳು ಮಾಡುದರ ಜೆಗಿಲಿಲಿ ನಿಂದು ನೋಡೆಕ್ಕಾದ್ದು ನಾವು. ಡಬ್ಬಿ ಬಡಿವದು, ನಾಯಿಯ ಬಿಡುದು, ಬೊಬ್ಬೆ ಹಾಕುದು, ಅಷ್ಟೇ. ಕೋವಿ ಒಳಾಣ ಕೋಣೆಲಿ ಬೀಗ ಹಾಕಿದ ಪೆಟ್ಟಿಗೆಲಿ ಇರ್ತು. ಅದು "ಅವರ" ಕೋವಿ.

ಈಗ ಸುಮಾರು ಮನೆಗಳಲ್ಲಿ ಆ "ಅವರ" ಹೇಳುದು ಬದಲುತ್ತಾ ಇದ್ದು. ಮಾವ° ಹೋದವು, ಲೈಸೆನ್ಸು ಅತ್ತೆಯ ಹೆಸರಿಂಗೆ ಬಂತು. ಅಪ್ಪಂಗೆ ಎಪ್ಪತ್ತು ಕಳುತ್ತು, ಮಗ° ಊರಿಲಿ ಇಲ್ಲೆ, ಊರಿಲೇ ಇಪ್ಪ ಮಗಳ ಹೆಸರಿಂಗೆ ಮಾಡುವ° ಹೇಳ್ತ ಆಲೋಚನೆ ಬತ್ತು. 2016ರ ಆಯುಧ ನಿಯಮಲ್ಲಿ ಅದಕ್ಕೆ ದಾರಿಯೂ ಇದ್ದು: ಲೈಸೆನ್ಸು ಇಪ್ಪವಕ್ಕೆ 70 ವರ್ಷ ಆದ ಮೇಲೆ, ಅಥವಾ ಕೋವಿಯ 25 ವರ್ಷ ಮಡಿಕ್ಕೊಂಡ ಮೇಲೆ, ಅವ್ವು ಹೇಳಿದ ವಾರಸುದಾರರ ಹೆಸರಿಂಗೆ ಮಾಡ್ಲೆ ಅರ್ಜಿ ಕೊಡ್ಲಕ್ಕು. ವಾರಸುದಾರರು ಹೇಳಿರೆ ಗೆಂಡುಮಕ್ಕೊ ಮಾಂತ್ರ ಹೇಳಿ ಎಲ್ಲಿಯೂ ಬರದ್ದಿಲ್ಲೆ.

ಹೆಸರು ಬದಲ್ಸುಲೆ ಎಷ್ಟು ಓಡಾಟ ಮಾಡ್ತವು! ಫೋಟೋ, ಅಫಿದವಿತ್ತು, ಠಾಣೆ, ಕಚೇರಿ. ಆದರೆ ಆ ಕೋವಿಯ ಹೊಸತ್ತಾಗಿ ಹಿಡಿವ ಕೈಗೆ ಅದು ಸರೀ ಆವುತ್ತೋ ಹೇಳಿ ಮಾಂತ್ರ ಆರೂ ಕೇಳ್ತವಿಲ್ಲೆ. ಎನ್ನ ಇಂದ್ರಾಣ ತರ್ಕ ಇದೇ. ಕೋವಿಯ ಹೆಸರು ಬದಲಿರೆ ಹಿಡಿಯೂ ಬದಲೆಕ್ಕು. ಹಿಡಿಯ ಆಯ್ಕೆಲಿ ಮದಾಲು ನೋಡೆಕ್ಕಾದ್ದು ಹಿಡಿವವರ ಕೈ, ಎರಡನೇದು ನಮ್ಮ ಊರಿನ ಮಳೆ. ಚೆಂದ ಕಡೆಂಗೆ.

ಹಿಡಿ ಹೇಳಿರೆ ಎಂತರ?

ಕೋವಿಲಿ ಕಬ್ಬಿಣದ ನಳಿಗೆ ಒಂದು, ಅದರ ಹೊತ್ತುಗೊಂಡಿಪ್ಪ ಮರ ಒಂದು. ಆ ಮರಕ್ಕೆ ಇಂಗ್ಲಿಷಿಲಿ ಸ್ಟಾಕು ಹೇಳ್ತವು. ನಾವು ಹಿಡಿ ಹೇಳುವ°. ಅದರ ಹಿಂದಾಣ ಅಗಲ ಕೊಡಿ ಹೆಗಲಿಂಗೆ ತಾಗುತ್ತು. ಅದರ ಮೇಲಾಣ ಅಂಚಿಂಗೆ ನಾವು ಕೆಪ್ಪಟೆ ಒರಗುಸುದು. ಮಧ್ಯಲ್ಲಿ ಸಪೂರ ಇಪ್ಪಲ್ಲಿ ಬಲದ ಕೈ, ನಳಿಗೆಯ ಅಡಿಯಾಣ ಉದ್ದ ಭಾಗಲ್ಲಿ ಎಡದ ಕೈ.

ರೈಫಲು ಬೇರೆ, ನಮ್ಮ ತೋಟದ ಕೋವಿ ಬೇರೆ. ರೈಫಲಿನ ನಳಿಗೆಯ ಒಳ ಸುರುಳಿ ಗೀರು ಇರ್ತು, ಗುಂಡು ತಿರುಗಿಗೊಂಡು ಹೋವುತ್ತು, ಹಾಂಗಾಗಿ ಗುರಿ ಹೆಚ್ಚು ಸರೀ. ತೋಟದ ಕೋವಿಯ ನಳಿಗೆ ಒಳ ನಯ ಇರ್ತು. ಎನ್.ಸಿ.ಸಿ. ಮಕ್ಕೊ ಹಿಡಿವದು .22 ರೈಫಲು, ಶಾಲೆ ಮಕ್ಕೊ ಆಟಕ್ಕೆ ಕಲಿವದು ಏರ್ ರೈಫಲು. ಆದರೆ ಹಿಡಿಯ ಲೆಕ್ಕಲ್ಲಿ ಇವೆಲ್ಲ ಒಂದೇ ಕುಟುಂಬ. ಗುಂಡು ಹೋಪದು ನಳಿಗೆಂದ ಆದಿಕ್ಕು, ನಮ್ಮ ಮೈಗೆ ತಾಗುದು ಹಿಡಿ. ಪೆಟ್ಟು ತಿಂಬದು ಹೆಗಲು, ಬೇನೆ ಅಪ್ಪದು ಕೊರಳಿಂಗೆ. ಅದರ ಬಿಟ್ಟು ನಳಿಗೆಯ ಕಂಪೆನಿ ಏವದು ಹೇಳಿ ನಾಲ್ಕು ದಿನ ಚರ್ಚೆ ಮಾಡುದು, ಮೆಟ್ಟುಕತ್ತಿಯ ಕಬ್ಬಿಣ ನೋಡಿ ಮಣೆಯ ನೋಡದ್ದ ಹಾಂಗೆ.

ಮರ, ಪ್ಲೈ, ಪ್ಲಾಸ್ಟಿಕು, ಅಲ್ಯೂಮಿನಿಯಂ

ಹಿಡಿ ಎಂತರಲ್ಲಿ ಮಾಡಿದ್ದು ಹೇಳಿ ನೋಡಿರೆ ಮುಖ್ಯ ನಾಲ್ಕು ಜಾತಿ.

ಮದಲಾಣದ್ದು ಮರ. ಪ್ರಪಂಚಲ್ಲಿ ಕೋವಿಯ ಹಿಡಿಗೆ ಹೆಸರು ಹೋದ ಮರ ಅಕ್ರೋಟಿನದ್ದು. ನಾವು ಪಾಯಸಕ್ಕೆ, ಲಾಡಿಗೆ ಹಾಕುವ ಅದೇ ಅಕ್ರೋಟು. ಗಟ್ಟಿ ಇದ್ದು, ಆದರೆ ಅತಿ ಭಾರ ಇಲ್ಲೆ. ಪೆಟ್ಟಿಂಗೆ ಬೇಗ ಸೀಳುತ್ತಿಲ್ಲೆ. ಒಣಗಿದ ಮೇಲೆ ಬೇರೆ ಮರಂದ ಕಮ್ಮಿ ತಿರುಚುತ್ತು. ಕೆತ್ತಲೆ ಸುಲಾಬ. ಕ್ರಯ ಕಮ್ಮಿ ಆಯೆಕ್ಕು ಹೇಳಿರೆ ಬೀಚ್ ಹೇಳ್ತ ಯುರೋಪಿನ ಮರ ಬತ್ತು, ಏರ್ ರೈಫಲುಗಳಲ್ಲಿ ಅದು ಧಾರಾಳ. ಮರದ ದೊಡ್ಡ ಗುಣ ಎಂತ ಹೇಳಿರೆ ಕೈಗೆ ಬೆಶ್ಚಂಗೆ ಸಿಕ್ಕುತ್ತು, ಉದ್ದ ಹೆಚ್ಚಾದರೆ ಕೊಯ್ವಲಾವುತ್ತು, ಸಣ್ಣ ಬಿರುಕು ಬಿಟ್ಟರೆ ಅಂಟು ಹಾಕಿ ಸರಿ ಮಾಡ್ಲೆ ಎಡಿತ್ತು.

ದೋಷ? ಅದು ನಿಂಗೊಗೆ ಆನು ಹೇಳಿ ಆಯೆಕ್ಕಾದ್ದಿಲ್ಲೆ. ಆಟಿ ತಿಂಗಳಿಲಿ ಬಚ್ಚಲಿನ ಬಾಗಿಲು ಎಷ್ಟು ದೂಡಿರೂ ಹಾಕ್ಲೆ ಬತ್ತಿಲ್ಲೆ ಅಲ್ಲದಾ? ಅದೇ. ಮರ ನೀರು ಕುಡಿತ್ತು, ಉಬ್ಬುತ್ತು. ನಮ್ಮ ಕರಾವಳಿಲಿ ವರ್ಷಕ್ಕೆ 3,500 ಮಿಲಿಮೀಟರಿಂದ ಹೆಚ್ಚು ಮಳೆ. ಉಬ್ಬಿದ ಮರ ನಳಿಗೆಯ ಒಂದು ಹೊಡೆಂದ ದೂಡ್ಲೆ ಸುರು ಮಾಡ್ತು. ತೋಟದ ಕೋವಿಗೆ ಅದರಂದ ದೊಡ್ಡ ನಷ್ಟ ಇಲ್ಲೆ, ಶಬ್ದಕ್ಕೆ ಬಿಡುವ ಈಡು ರಜ್ಜ ಅತ್ಲಾಗಿ ಹೋದರೂ ಮಂಗಂಗೊಕ್ಕೆ ಗೊಂತಾಗ. ರೈಫಲಿಂಗೆ ಆದರೆ ಗುರಿಯೇ ತಪ್ಪುತ್ತು. ಬೇಸಗೆಲಿ ಸರೀ ಹೊಡಕ್ಕೊಂಡಿದ್ದ ರೈಫಲು ಮಳೆಗಾಲಲ್ಲಿ ಬೇರೆಲ್ಲಿಯೋ ಹೊಡೆತ್ತು. ಹಾಂಗಾಗಿಯೇ ಒಳ್ಳೆ ರೈಫಲುಗಳಲ್ಲಿ ನಳಿಗೆಗೂ ಅದರ ಅಡಿಯಾಣ ಮರಕ್ಕೂ ಎಡೆಲಿ ಒಂದು ಕಾಗದ ದಾಂಟುವಷ್ಟು ಜಾಗೆ ಬಿಟ್ಟಿರ್ತವು.

ಇದು ನಮ್ಮ ಊರಿನ ಕತೆ ಮಾಂತ್ರ ಅಲ್ಲ. ವಿಯೆಟ್ನಾಮಿನ ಯುದ್ಧಲ್ಲಿ ಅಮೇರಿಕದವು ಎಂ-14 ಹೇಳ್ತ ರೈಫಲಿನ ಮರದ ಹಿಡಿಯ ಒಟ್ಟಿಂಗೆ ಕಾಡಿಂಗೆ ಇಳುದವು. ಅಲ್ಯಾಣ ಮಳೆಗೆ, ಸೆಕೆಗೆ ಮರ ಉಬ್ಬಿತ್ತು, ಗುರಿ ಹಾಳಾತು. ಮತ್ತೆ ಅದಕ್ಕೆ ಫೈಬರಿನ ಹಿಡಿ ಮಾಡಿ ಹಾಕಿದವು. ಅದರ ಮತ್ತೆ ಬಂದ ಎಂ-16 ರೈಫಲಿಲಿ ಮರವೇ ಇಲ್ಲೆ.

ಎರಡನೇದು ಪ್ಲೈ. ತೆಳು ತೆಳು ಮರದ ಪದರವ ಅಂಟು ಹಾಕಿ ಒತ್ತಿ ಗಟ್ಟಿ ಮಾಡುದು. ನಮ್ಮ ಅಡಿಗೆಕೋಣೆಯ ಕಪಾಟಿನ ಹಲಗೆಯ ಅಣ್ಣ° ಹೇಳಿ ತಿಳ್ಕೊಂಬಲಕ್ಕು. ಒಂದು ಪದರ ಒಂದು ಹೊಡೆಂಗೆ ತಿರುಚುಲೆ ಹೆರಟರೆ ಮತ್ತೊಂದು ಅದರ ಹಿಡುದು ನಿಲ್ಸುತ್ತು. ಹಾಂಗಾಗಿ ಮಳಗೆ ಇದು ಒಂದೇ ತುಂಡು ಮರಂದ ಒಳ್ಳೆದು. ರಷ್ಯಾದವು ಎ.ಕೆ.ಎಂ. ರೈಫಲಿಂಗೆ ಇದೇ ಜಾತಿಯ ಹಿಡಿ ಹಾಕಿದ್ದವು. ಒಂದೇ ತೊಂದರೆ ಭಾರ. ಅಂಟುದೇ ಸೇರಿದ ಕಾರಣ ಅಕ್ರೋಟಿಂದ ಹೆಚ್ಚು ತೂಕ ಬತ್ತು.

ಮೂರನೇದು ಪ್ಲಾಸ್ಟಿಕು. ಅಚ್ಚಿಲಿ ಎರದು ಮಾಡುದು. 1959ರಲ್ಲಿ ರೆಮಿಂಗ್ಟನ್ ಕಂಪೆನಿ ನೈಲಾನ್ 66 ಹೇಳ್ತ .22 ರೈಫಲಿಂಗೆ ನೈಲಾನಿನ ಹಿಡಿ ಹಾಕಿಯಪ್ಪಗ ಮರದ ಅಭ್ಯಾಸ ಇದ್ದವು ಮೂಗು ಮುರುದವಡ. ಆದರೆ ಹತ್ತು ಲಕ್ಷಂದ ಹೆಚ್ಚು ಮಾರಾಟ ಆತು. ಪ್ಲಾಸ್ಟಿಕಿಂಗೆ ಮಳೆ ಇಲ್ಲೆ, ಬೂಸಲು ಇಲ್ಲೆ, ಒರಳೆ ಇಲ್ಲೆ. ನಮ್ಮ ಸೈನ್ಯದ ಇನ್ಸಾಸ್ ರೈಫಲಿಂಗೂ ಇದೇ ಜಾತಿಯ ಹಿಡಿ ಇಪ್ಪದು. ಆದರೆ ಇದರ ಕೊಯ್ವಲೆ, ಕೆತ್ತಲೆ ಮರದಷ್ಟು ಸುಲಾಬ ಇಲ್ಲೆ. ಸುಮಾರಿನ ಹಿಡಿಗಳ ಒಳ ಪೊಳ್ಳು ಇರ್ತು, ಕೊಯ್ದರೆ ಒಟ್ಟೆ ಕಾಂಗು. ಇನ್ನೊಂದು, ಹಗುರ ಹೇಳುದರ ಎಲ್ಲೋರೂ ಗುಣ ಹೇಳಿಯೇ ಹೇಳ್ತವು. ಹೊರುಲೆ ಹಗುರ ಒಳ್ಳೆದೇ. ಹೊಡೆವಲೆ ಅಲ್ಲ. ಕೋವಿ ಹಗುರ ಆದಷ್ಟು ಹಿಂದಂಗೆ ಕೊಡುವ ಪೆಟ್ಟು ಜೋರು. ಭಾರದ ಕಡವ ಕಲ್ಲು ಕೂದಲ್ಲೇ ಕೂರ್ತು, ಹಗುರದ್ದು ಕೊಣಿತ್ತು, ಅದೇ ಲೆಕ್ಕ.

ನಾಲ್ಕನೇದು ಅಲ್ಯೂಮಿನಿಯಂ. ಇದು ಒಲಿಂಪಿಕ್ಸಿನ ಹೊಡೆಯಾಣ ಏರ್ ರೈಫಲುಗಳಲ್ಲಿ ನೋಡ್ಲೆ ಸಿಕ್ಕುತ್ತು. ನೋಡಿರೆ ಕೋವಿಯ ಹಾಂಗೇ ಕಾಣ್ತಿಲ್ಲೆ, ಆಸ್ಪತ್ರೆಯ ಎಂತದೋ ಸಾಮಾನಿನ ಹಾಂಗೆ ತಿರುಪು, ಸರಳು, ಪಟ್ಟಿ. ಆದರೆ ಅದರ ಹಿಂದಾಣ ಕೊಡಿಯ ಹಿಂದೆ ಮುಂದೆ, ಮೇಲೆ ಕೆಳ ಮಾಡ್ಲಾವುತ್ತು. ಕೆಪ್ಪಟೆ ಮಡುಗುವ ಪಟ್ಟಿಯ ಎತ್ತುಲಾವುತ್ತು. ಎಡದ ಕೈಯ ಅಡಿಲಿ ಇಪ್ಪ ಕಟ್ಟೆಯನ್ನೂ ಹೊಂದ್ಸುಲಾವುತ್ತು. ಈ ರೈಫಲು 5.5 ಕಿಲೊಂದ ಹೆಚ್ಚು ತೂಕ ಇಪ್ಪಲಾಗ ಹೇಳಿ ನಿಯಮ. ಹತ್ತು ಮೀಟರು ದೂರಂದ ಹೊಡೆಯೆಕ್ಕಾದ ನಡುವಾಣ ಚುಕ್ಕೆ ಅರ್ಧ ಮಿಲಿಮೀಟರು, ರವೆಯ ಕಾಳಿನಷ್ಟು! ಆ ಚುಕ್ಕಗೆ ಹೊಡೆಯೆಕ್ಕಾರೆ ಹಿಡಿ ಮೈಯ ಒಂದು ಅಂಗದ ಹಾಂಗೆ ಆಯೆಕ್ಕು. ಚೆಂದ ನೋಡಿರೆ ನಡೆಯ.

ಆಕಾರದ ಮರ್ಲು

ಎಂತರಲ್ಲಿ ಮಾಡಿದ್ದು ಹೇಳುದರ ಹಾಂಗೆ ಹೇಂಗಿಪ್ಪದು ಹೇಳುದುದೇ ಒಂದು ಲೆಕ್ಕ. ಹಳೇ ಇಂಗ್ಲಿಷ್ ಮಾದರಿಲಿ ಕೈ ಹಿಡಿವ ಜಾಗೆ ನೇರ ಇರ್ತು, ಸೌಟಿನ ಹಿಡಿಯ ಹಾಂಗೆ. ಮತ್ತಾಣ ಮಾದರಿಲಿ ಅಲ್ಲಿ ಒಂದು ಬಗ್ಗು ಇರ್ತು, ಕೈ ತನ್ನಷ್ಟಕ್ಕೇ ಕೂರ್ತು. ಮೊಣಗಂಟು ಬೇನೆ, ಕೈಬೇನೆ ಇಪ್ಪವಕ್ಕೆ ಆ ಬಗ್ಗು ಇಪ್ಪದೇ ಒಳ್ಳೆದು ಹೇಳಿ ಎನ್ನ ಅಭಿಪ್ರಾಯ, ಮಣಿಗಂಟು ಹೆಚ್ಚು ತಿರುಚೆಕ್ಕಾವುತ್ತಿಲ್ಲೆ.

ಕೆಪ್ಪಟೆ ಒರಗುಸುವ ಅಂಚು ಎತ್ತರ ಇಪ್ಪ ಮಾದರಿಗೆ ಮೊಂಟೆ ಕಾರ್ಲೊ ಹೇಳ್ತವು. ಕೋವಿಯ ಮೇಲೆ ದುರ್ಬೀನು ಮಡುಗುವವಕ್ಕೆ ಅದು ಬೇಕು, ಕಣ್ಣು ಮೇಲೆ ಬರೆಕ್ಕಾದ ಕಾರಣ. ದುರ್ಬೀನು ಇಲ್ಲದ್ದ ಕೋವಿಗೆ ಅದು ಬೇಡದ್ದ ಎತ್ತರ. ಹೆಬ್ಬೆರಳು ಹಾಕುಲೆ ಒಟ್ಟೆ ಇಪ್ಪ ಮಾದರಿಯೂ ಇದ್ದು. ಅದು ಒಬ್ಬನ ಕೈಗೆ ಸರೀ ಆದರೆ ಇನ್ನೊಬ್ಬನ ಕೈಗೆ ಸೆರೆಮನೆ. ಎಡಗೈಯವಕ್ಕೆ ಬಲಗೈಯ ಅಚ್ಚಿಂದು ಆಗಲೇ ಆಗ.

ಇನ್ನು ಮಡುಸುವ ಹಿಡಿ. ಸಿನೆಮಲ್ಲಿ ಟಕ್ ಹೇಳಿ ಮಡುಸಿ ಚೀಲಕ್ಕೆ ಹಾಕುತ್ತವಲ್ಲದಾ, ಅದೇ. ಟ್ಯಾಂಕಿಲಿ, ವಿಮಾನಲ್ಲಿ ಹೋಪ ಸೈನಿಕರಿಂಗೆ ಜಾಗೆ ಉಳಿಶುಲೆ ಹೇಳಿ ಬಂದದು. ನಮ್ಮ ಮನೆಲಿ ಅದಕ್ಕೆಂತ ಕೆಲಸ? ಮಡುಸುವ ಹಿಡಿಗಳಲ್ಲಿ ಸುಮಾರು ಬರೀ ಸರಳಿಂದು, ಕೆಪ್ಪಟೆ ಒರಗುಸುಲೆ ಜಾಗೆಯೇ ಇಲ್ಲೆ. ಮೈದುನಂದಿರು ಮೊಬೈಲಿಲಿ ಕರಿ ಕರಿ ಹಿಡಿಯ ಪಟ ತೋರ್ಸಿ "ಅತ್ತಿಗೇ, ಇದು ಹೇಂಗಿದ್ದು?" ಹೇಳಿ ಕೇಳಿರೆ "ಎನ್ನ ಕೆಪ್ಪಟೆ ಎಲ್ಲಿ ಮಡುಗುದು?" ಹೇಳಿ ತಿರುಗಿ ಕೇಳಿ. ಆ ಪ್ರಶ್ನೆಗೆ ಉತ್ತರ ಇಲ್ಲದ್ದ ಹಿಡಿ ಮನಗೆ ಬೇಡ.

ಒಂದು ಇಂಚಿನ ಮಹತ್ವ

ಈಗ ಮುಖ್ಯ ಸಂಗತಿಗೆ ಬತ್ತೆ. ಟ್ರಿಗರಿಂದ ಹಿಂದಾಣ ಕೊಡಿವರೆಗಾಣ ಉದ್ದ. ಕಾರ್ಖಾನೆಂದ ಬಪ್ಪ ಕೋವಿಲಿ ಇದು ಸಾಧಾರಣ 13.5ರಿಂದ 14 ಇಂಚು ಇರ್ತು. ಆರ ಕೈಗೆ ಈ ಅಳತೆ? ಮಧ್ಯಮ ಎತ್ತರದ ಗೆಂಡುಮಕ್ಕಳ ಕೈಗೆ. ಐದಡಿಯ ಅತ್ತೆಕ್ಕಳ ಕೈಗೆ ಅಲ್ಲ, ಹನ್ನೆರಡು ವರ್ಷದ ಕೂಸಿನ ಕೈಗೂ ಅಲ್ಲ.

ಉದ್ದ ಹೆಚ್ಚಾದರೆ ಎಂತ ಆವುತ್ತು? ಹಿಡಿ ಹೆಗಲಿನ ಗುಳಿಲಿ ಕೂರ್ತಿಲ್ಲೆ, ತೋಳಿಂಗೆ ಜಾರುತ್ತು. ಅಲ್ಲಿ ಮಾಂಸ ಕಮ್ಮಿ, ಎಲುಬಿಂಗೆ ಪೆಟ್ಟು. ಟ್ರಿಗರು ಸಿಕ್ಕೆಕ್ಕಾರೆ ಕೈ ನೀಟೆಕ್ಕು, ಕೊರಳು ಮುಂದೆ ದೂಡೆಕ್ಕು, ಬೆನ್ನು ಹಿಂದಂಗೆ ಬಗ್ಗೆಕ್ಕು. ಹೀಂಗೆ ನಿಂದ ಮನುಷ್ಯ ಈಡು ಬಿಟ್ಟರೆ ಹಿಂದಂಗೆ ಎರಡು ಹೆಜ್ಜೆ ಹಾಕದ್ದೆ ಇರ. ಮತ್ತೆ ನಾಲ್ಕು ಜೆನ ನೆಗೆ ಮಾಡಿ "ಹೆಮ್ಮಕ್ಕೊಗೆ ಹೇಳಿದ್ದಲ್ಲ" ಹೇಳ್ತವು. ತಪ್ಪು ಅವರ ಬಲದ್ದಲ್ಲ, ಒಂದಿಂಚು ಮರದ್ದು.

ಎನ್ನ ಸೋದರತ್ತೆ ಮಾವ° ಹೋದ ಮೇಲೆ ತೋಟಲ್ಲಿ ಒಬ್ಬನೇ ಇಪ್ಪದು. ಲೈಸೆನ್ಸು ಅವರ ಹೆಸರಿಂಗೆ ಬಂತು. ಮದಲಾಣ ಸರ್ತಿ ಈಡು ಬಿಟ್ಟಪ್ಪಗ ತೋಳು ನೀಲಿ ಆಗಿ ಒಂದು ವಾರ ಹೆರೆಮಣೆಲಿ ಕಾಯಿ ಕೆರವಲೆ ಎಡಿಯದ್ದೆ ಆತು. ಮಕ್ಕೊ ಬೆಂಗ್ಳೂರಿಂದ ಫೋನು ಮಾಡಿ "ಅಬ್ಬೇ, ಕೋವಿಯ ಠಾಣಗೆ ಕೊಟ್ಟುಬಿಡು" ಹೇಳಿದವು. ಅತ್ತೆ ಕೊಟ್ಟಿದವಿಲ್ಲೆ. ಲೈಸೆನ್ಸು ಇಪ್ಪ ರಿಪೇರಿಯವರ ಹತ್ತರೆ ಹೋಗಿ ಹಿಡಿಯ ಹಿಂದಂದ ಒಂದೂವರೆ ಇಂಚು ಕೊಯ್ಶಿ, ಅರ್ಧ ಇಂಚಿನ ರಬ್ಬರು ಹಾಕ್ಸಿದವು. ಕಡೆಂಗೆ ಒಂದು ಇಂಚು ಕಮ್ಮಿ ಆತು. ಈಗ ತೋಳಿಂಗೆ ಎಂತದೂ ಆವುತ್ತಿಲ್ಲೆ. ಮಂಗಂಗೊ ಅತ್ತೆಯ ತೋಟವ ಬಿಟ್ಟು ನೆರೆಕರೆಗೆ ಹೋವುತ್ತವು ಹೇಳಿ ನೆರೆಕರೆಯವಕ್ಕೆ ರಜ್ಜ ಬೇಜಾರಿದ್ದು, ಅದು ಬೇರೆ ಶುದ್ದಿ.

ಇನ್ನೊಂದು ಎನ್ನ ತಂಗೆಯ ಮಗಳದ್ದು. ಹನ್ನೆರಡು ವರ್ಷದ ಕೂಸು, ಶಾಲೆಂದ ಏರ್ ರೈಫಲು ಕಲಿವಲೆ ಸೇರಿತ್ತು. ಅಲ್ಲಿ ಎಲ್ಲ ಮಕ್ಕೊಗೂ ಕೊಡುದು ದೊಡ್ಡವರ ಅಳತೆಯ ಒಂದೇ ರೈಫಲು. ಆರು ತಿಂಗಳಿಲಿ ಅದಕ್ಕೆ ಕೊರಳುಬೇನೆ, "ಆನು ಹೋವುತ್ತಿಲ್ಲೆ" ಹೇಳಿ ಹಟ. ಮನೆಲಿ ಎಲ್ಲೋರೂ "ಹೋಗಲಿ ಬಿಡು, ಕೂಸುಗೊಕ್ಕೆ ಭರತನಾಟ್ಯ ಸಾಕು" ಹೇಳಿದವು. ತಂಗೆ ಒಪ್ಪಿತ್ತಿಲ್ಲೆ. ಆ ರೈಫಲಿನ ಹಿಂದೆ ಉದ್ದ ಮಾಡ್ಲೆ ಹಾಕಿದ ಪಟ್ಟಿಗೊ ಇತ್ತಿದ್ದು. ಎರಡರ ತೆಗದರೆ ಅಕ್ಕೋ ಹೇಳಿ ಕಲಿಶುವವರ ಹತ್ತರೆ ಕೇಳಿತ್ತು. ತೆಗದವು. ಕೂಸು ಈಗಳೂ ಹೋವುತ್ತು. ನೋಡಿ, ಒಂದು ತಿರುಪುಳಿ ತಿರುಗಿಸುವ ಕೆಲಸಕ್ಕೆ ಒಂದು ಕೂಸಿನ ಆಸೆ ಮುರುದು ಹೋವುತ್ತಿತು.

ನಮ್ಮಲ್ಲಿ ಒಂದು ಅಭ್ಯಾಸ ಇದ್ದು, ಬೆಳೆತ್ತ ಮಕ್ಕೊಗೆ ಎಲ್ಲ ಎರಡು ನಂಬ್ರ ದೊಡ್ಡದೇ ತೆಗವದು. ಅಂಗಿಗೆ ಅದು ಸರೀ, ಮಡುಸಿ ಹೊಲಿವಲಕ್ಕು. ಚೆಪ್ಪಲಿಂಗೆ ಆಗ, ಕೋವಿಗೆ ಆಗಲೇ ಆಗ.

ಸೈನ್ಯಕ್ಕೆ ಗೊಂತಿದ್ದ ಸಂಗತಿ

"ಇದೆಲ್ಲ ಹೆಮ್ಮಕ್ಕಳ ಕೊಂಗಾಟ" ಹೇಳುವವಕ್ಕೆ ಒಂದು ಶುದ್ದಿ ಹೇಳ್ತೆ. .303 ರೈಫಲು ಎಲ್ಲೋರಿಂಗೂ ನೆಂಪಿಕ್ಕು, ವೋಟಿನ ದಿನ ಪೋಲೀಸುಗಳ ಹೆಗಲಿಲಿ ಇತ್ತಿದ್ದು, ಸುಮಾರು 4 ಕಿಲೊ ತೂಕದ ಮರದ ಹಿಡಿಯ ಕೋವಿ. ಬ್ರಿಟಿಷರು ಮಾಡಿದ್ದು, ಮತ್ತೆ ಬಂಗಾಳದ ಇಶಾಪುರದ ಕಾರ್ಖಾನೆಲಿಯೂ ಮಾಡಿದವು. ಅದರ ಹಿಡಿ ಎರಡು ತುಂಡಿಂದು. ಹಿಂದಾಣ ತುಂಡಿನ ಒಂದು ಬೋಲ್ಟು ತೆಗದು ಬದಲ್ಸುಲಾವುತ್ತು. ಆ ಹಿಂದಾಣ ತುಂಡಿನ ಬ್ರಿಟಿಷ್ ಸೈನ್ಯ ನಾಲ್ಕು ಅಳತೆಲಿ ಮಾಡಿಗೊಂಡಿತ್ತು: ಉದ್ದ, ಸಾಧಾರಣ, ಗಿಡ್ಡ, ಇನ್ನೂ ಗಿಡ್ಡ. ಒಂದರಿಂದ ಒಂದಕ್ಕೆ ಅರ್ಧ ಇಂಚಿನ ವ್ಯತ್ಯಾಸ. ಅಕೇರಿಯಾಣದ್ದಕ್ಕೆ ಬ್ಯಾಂಟಂ ಹೇಳಿ ಹೆಸರು. ಮದಲಾಣ ಮಹಾಯುದ್ಧಲ್ಲಿ ಐದಡಿ ಮೂರಿಂಚಿಂದ ಕಮ್ಮಿ ಎತ್ತರದವರ ಬ್ಯಾಂಟಂ ಹೇಳ್ತ ಬೇರೆ ದಳಂಗಳನ್ನೇ ಕಟ್ಟಿದ್ದವು.

ಅಂಬಗ ನೂರು ವರ್ಷ ಹಿಂದೆಯೇ, ಗೆಂಡುಮಕ್ಕಳೇ ತುಂಬಿದ ಸೈನ್ಯಲ್ಲಿ, ಲಕ್ಷಗಟ್ಟಲೆ ರೈಫಲು ಒಂದೇ ಅಚ್ಚಿಲಿ ಮಾಡುವಗಳೂ ಕೈಯ ಅಳತೆ ನೋಡಿದವು. ಅವ್ವು ಗಿಡ್ಡ ಕೈಯವಕ್ಕೆ ಗಿಡ್ಡ ಹಿಡಿ ಕೊಟ್ಟರೆ ಅದು ಶಿಸ್ತು, ನಾವು ಕೇಳಿರೆ ಕೊಂಗಾಟವೋ?

ಒಲಿಂಪಿಕ್ಸಿನ ಶುದ್ದಿಯೂ ಹಾಂಗೇ. ಚಿಕ್ಕಬಳ್ಳಾಪುರಲ್ಲಿ ಹುಟ್ಟಿದ ಸುಮಾ ಶಿರೂರು 2004ರ ಅಥೆನ್ಸ್ ಒಲಿಂಪಿಕ್ಸಿಲಿ ಏರ್ ರೈಫಲಿನ ಫೈನಲಿಂಗೆ ಹೋಗಿತ್ತಿದ್ದವು. 2008ರಲ್ಲಿ ಬೀಜಿಂಗಿಲಿ ಅಭಿನವ್ ಬಿಂದ್ರಾ ಚಿನ್ನ ತಂದ°. ಆ ಮಟ್ಟಕ್ಕೆ ಹೋಪವು ಆರೂ ಅಂಗಡಿಂದ ತಂದ ಹಾಂಗೇ ರೈಫಲು ಹಿಡಿತ್ತವಿಲ್ಲೆ. ಹೆಮ್ಮಕ್ಕಳೂ ಗೆಂಡುಮಕ್ಕಳೂ ಮಿಲಿಮೀಟರು ಲೆಕ್ಕಲ್ಲಿ ಹಿಡಿಯ ಹೊಂದ್ಸಿಗೊಳ್ತವು. ಇತ್ಲಾಗಿ ಕೊಡಗಿಲಿ ಕೈಲ್‌ಪೋಳ್ದಿಗೆ ಕೋವಿಗೆ ಪೂಜೆ ಮಾಡಿ ಹೂಗು ಮಡುಗಿ, ಮತ್ತೆ ತೆಂಗಿನಕಾಯಿಗೆ ಗುರಿ ಹೊಡೆವ ಪಂದ್ಯ ಮಾಡ್ತವು. ಹೆಮ್ಮಕ್ಕಳೂ ಹೊಡೆತ್ತವು. ಸೀರೆ ಉಟ್ಟ ಕೈಗೆ ಕೋವಿ ಹೊಂದ ಹೇಳುವವು ಒಂದರಿ ಅಲ್ಲಿಗೆ ಹೋಗಿ ಬರಲಿ.

ವಿರುದ್ಧ ಮಾತುಗೊ

"ಅಜ್ಜನ ಕಾಲದ ಹಿಡಿಯ ಕೊಯ್ವದೋ?" ಹೇಳಿ ಸಂಕಟ ಅಪ್ಪವಿದ್ದವು. ಆ ಸಂಕಟ ಎನಗೂ ಅರ್ಥ ಆವುತ್ತು. ಅಜ್ಜ° ಹಿಡುದು ಹಿಡುದು ನಯ ಆದ ಮರ ಅದು. ಹಾಂಗಾದರೆ ಅದರ ತೆಗದು ಬಟ್ಟೆಲಿ ಕಟ್ಟಿ ಮಡುಗಿ, ಬೇರೆ ಮರದ ಹಿಡಿ ಮಾಡ್ಸಿ ಹಾಕಿ. ಮುಂದೆ ಉದ್ದ ಕೈಯ ಪುಳ್ಳಿ ಬಂದರೆ ಹಳತ್ತರ ತಿರುಗಿ ಹಾಕ್ಲಕ್ಕು. ಕೊಯ್ವದೇ ಹೇಳಿ ಆದರೆ ಕೊಯ್ದ ತುಂಡಿನ ಇಡ್ಕೆಡಿ, ಅದರ ಹಿಂದಂಗೆ ಕೂರ್ಸುಲೂ ಆವುತ್ತು. ಅಜ್ಜನ ಹೆಸರು ಒಳಿವದು ಕೋವಿ ಕೆಲಸಕ್ಕೆ ಬಂದರೆ, ಪೆಟ್ಟಿಗೆಲಿ ಬೂಸಲು ಹಿಡುದರೆ ಅಲ್ಲ.

"ಕೋವಿ ಸುಲಾಬ ಆದರೆ ಅಪಾಯ ಹೆಚ್ಚು" ಹೇಳುದು ಎರಡನೇ ಮಾತು. ಇದರ ಆನು ತಳ್ಳಿ ಹಾಕುತ್ತಿಲ್ಲೆ. ಕೋವಿ ಮನೆಲಿ ಇಪ್ಪದೇ ಅಪಾಯ. ಆದರೆ ಅಳತೆ ಸರಿ ಇಲ್ಲದ್ದ ಕೋವಿ ಅಪಾಯವ ಕಮ್ಮಿ ಮಾಡ್ತಿಲ್ಲೆ, ಹೆಚ್ಚು ಮಾಡ್ತು. ಕೈಗೆ ಹೊಂದದ್ದರ ಹಿಡುದವರ ಗುರಿ ಎಲ್ಲಿಗೆ ಹೋಕು ಹೇಳಿ ಹೇಳ್ಲೆ ಎಡಿಯ. ಬೀಗ, ತೋಟೆಯ ಬೇರೆ ಜಾಗೆಲಿ ಮಡುಗುದು, ಕೆಲಸ ಆದ ಕೂಡ್ಲೆ ಖಾಲಿ ಮಾಡುದು, ಮಕ್ಕೊಗೆ ಬೀಗದಕೈ ಸಿಕ್ಕದ್ದ ಹಾಂಗೆ ನೋಡುದು, ಇದೆಲ್ಲ ಹಿಡಿ ಉದ್ದ ಇರಲಿ ಗಿಡ್ಡ ಇರಲಿ ಬೇಕೇ ಬೇಕು. ಲೈಸೆನ್ಸು ಗೆಂಡನ ಹೆಸರಿಲಿ ಇಪ್ಪಗ ಹೆಂಡತಿ ಹಿಡಿವದು ಕಾನೂನಿಲಿ ಸರೀ ಅಲ್ಲ. ಮದಾಲು ಹೆಸರು, ಮತ್ತೆ ಅಳತೆ, ಮತ್ತೆ ಅಭ್ಯಾಸ. ಮಂಗನ ಕೊಲ್ಲುಲೆ ಕಾನೂನೂ ಬಿಡ್ತಿಲ್ಲೆ, ನಮ್ಮ ಮನಸ್ಸೂ ಒಪ್ಪುತ್ತಿಲ್ಲೆ. ಆನು ಹೇಳುದು ಶಬ್ದ ಮಾಡಿ ಓಡ್ಸುವ ಶುದ್ದಿ.

ಎನ್ನ ತೀರ್ಮಾನ

ತೋಟದ ಮನೆಯ ಕೋವಿಗೆ ಮರವೇ ಅಕ್ಕು. ನಮ್ಮ ಅಳತೆಗೆ ಕೊಯ್ವಲೆ ಎಡಿವದು ಅದರ ಮಾಂತ್ರ. ಆದರೆ ಮಳೆಗಾಲಕ್ಕೆ ಮದಲು ಅಗಸೆ ಎಣ್ಣೆಯ ತೆಳುವಾಗಿ ಉದ್ದಿ ಒಣಗ್ಸೆಕ್ಕು, ಕೊಯ್ದ ಹೊಡೆಂಗೆ ಮರೆಯದ್ದೆ ಉದ್ದೆಕ್ಕು, ಮರ ಹೆಚ್ಚು ನೀರು ಕುಡಿವದು ಅಲ್ಲಿಂದಲೇ. ವೋಟಿನ ಸಮಯಲ್ಲಿ ಠಾಣಗೆ ಕೊಡುವ ಮದಲೂ ಒಂದರಿ ಉದ್ದಿ ಕೊಡಿ, ಅಲ್ಲಿಂದ ತಿರುಗಿ ಬಪ್ಪಗ ಮಳೆ ಸುರು ಆಗಿರ್ತು. ಹಿಂದೆ ರಬ್ಬರು ಹಾಕ್ಸಿ.

ಎಂತ ಆರೈಕೆ ಮಾಡ್ಲೂ ಪುರುಸೊತ್ತಿಲ್ಲೆ ಹೇಳುವವಕ್ಕೆ ಪ್ಲಾಸ್ಟಿಕು, ಆದರೆ ಗಿಡ್ಡ ಅಳತೆಯ ಹುಡ್ಕಿ ತೆಗೆಯೆಕ್ಕು. ಹೊಸ ರೈಫಲು ತೆಗದು ಗುರಿಯ ಅಭ್ಯಾಸ ಮಾಡುವವಕ್ಕೆ, ಭಾರ ತಡವಲೆ ಎಡಿತ್ತರೆ, ಪ್ಲೈ. ಆಟಕ್ಕೆ ಕಲಿವ ಮಕ್ಕೊಗೆ ಉದ್ದ ಹೊಂದ್ಸುಲೆ ಆವುತ್ತ ಹಿಡಿ. ಮದಾಲೇ ಅಲ್ಯೂಮಿನಿಯಮಿಂದು ಬೇಡ, ಹಿಂದೆ ಪಟ್ಟಿ ತೆಗವಲೆ ಹಾಕ್ಲೆ ಆದರೆ ಸಾಕು. ಮಡುಸುವ ಹಿಡಿ ಆರಿಂಗೂ ಬೇಡ.

ಅಳತೆ ನೋಡುದು ಹೇಂಗೆ? ಕೋವಿ ಖಾಲಿ ಇದ್ದೋ ಹೇಳಿ ಲೈಸೆನ್ಸಿನವು ಎರಡು ಸರ್ತಿ ನೋಡಿ ಆಗಲಿ. ಮತ್ತೆ ಮೊಣಕೈಯ ನೇರ ಮೂಲೆ ಮಾಡಿ ಮಡುಸಿ, ಹಿಡಿಯ ಹಿಂದಾಣ ಕೊಡಿಯ ಮೊಣಕೈಯ ಒಳ ಹೊಡೆಂಗೆ ತಾಗ್ಸಿ. ತೋರುಬೆರಳಿನ ಮದಲಾಣ ಗೆಣ್ಣು ಟ್ರಿಗರಿನ ಹತ್ತರಂಗೆ ಎತ್ತುತ್ತೋ ನೋಡಿ, ಟ್ರಿಗರು ಒತ್ತುಲಾಗ. ಎತ್ತಿರೆ ಹೆಚ್ಚುಕಮ್ಮಿ ಸರೀ. ಎತ್ತದ್ರೆ ಉದ್ದ ಹೆಚ್ಚು. ಇದು ಅಂದಾಜಿನ ಲೆಕ್ಕ, ಕಡೆಯಾಣ ಅಳತೆ ರಿಪೇರಿಯವು ಹೆಗಲಿಂಗೆ ಮಡುಗಿ ನೋಡಲಿ. ಆ ದಿನ ಗೆಂಡನ, ಮಗನ ಕಳುಸಿ ಸುಮ್ಮನೆ ಕೂರೆಡಿ. ರವಕ್ಕೆಯ ಅಳತೆ ಕೊಡ್ಲೆ ಅವರ ಕಳುಸುತ್ತೆಯೋ ನಾವು?

ಮನೆಯ ಕತ್ತಿ, ಮಣೆ, ಸೌಟು ಎಲ್ಲ ನಮ್ಮ ಕೈ ನೋಡಿ ತಂದದು. ಕೋವಿ ಒಂದರ ಮಾಂತ್ರ ಗೋಡೆಯ ಅಳತೆ ನೋಡಿ ಮಡುಗಿದ್ದವು. ನಿಂಗಳ ಮನೆಯ ಕೋವಿ ಎಷ್ಟು ಇಂಚು ಹೇಳಿ ಇಂದೇ ಒಂದರಿ ಅಳದು ನೋಡಿ, ಎನಗೂ ತಿಳುಶಿ.